ಪ್ರಚಾರೋಪನ್ಯಾಸದ ಮೂಲ

ವಿಶ್ವವಿದ್ಯಾನಿಲಯದ ಉಪನ್ಯಾಸವು ಕಾಲೇಜಿನ ಆವರಣವನ್ನು ದಾಟಿ ಊರೂರಿಗೆ ಹೋಗಬೇಕೆಂಬ ವಿಚಾರವು ವ್ಯವಸ್ಥಿತ ರೂಪ ತಾಳಿದ್ದು ಇಂಗ್ಲೆಂಡಿನಲ್ಲಿ. ಕೇಂಬ್ರಿಜ್ಜಿನ ತರುಣ ವಿದ್ವಾಂಸ ಜೇಮ್ಸ್ ಸ್ಟೂಅರ್ಟನು 1867ರಲ್ಲಿ ಲೀಡ್ಸ್, ಲಿವರ್‌ಪೂಲ್, ಮ್ಯಾಂಚೆಸ್ಟರ್, ಷೆಫೀಲ್ಡ್ ನಗರಗಳ ಸ್ತ್ರೀಯರಿಗೆ ಖಗೋಳಶಾಸ್ತ್ರವನ್ನು ಕುರಿತು ಉಪನ್ಯಾಸಮಾಲೆಯನ್ನು ನಡೆಸಿದನು. ತರುಣನೊಬ್ಬನು ಯುವತಿಯರನ್ನು ಎದುರೆದುರಾಗಿ ಪ್ರಶ್ನಿಸುವುದು ಅಂದಿನ ಶಿಷ್ಟಾಚಾರಕ್ಕೆ ಒಗ್ಗುತ್ತಿರಲಿಲ್ಲ. ಆದುದರಿಂದ ಅವನು ಪ್ರಶ್ನೆಗಳನ್ನು ಬರಹದಲ್ಲಿ ಕೊಟ್ಟು, ಉತ್ತರಗಳನ್ನು ತರಿಸಿಕೊಂಡು ತಿದ್ದಿದನು. ಸಂಕೋಚದಿಂದ ಹುಟ್ಟಿದ ಈ ಉಪಾಯವೇ ಮುಂದೆ ಶಿಕ್ಷಣಕ್ರಮವಾಯಿತು!

ರಾಚ್‌ಡೇಲಿನ ಸಹಕಾರಿಗಳಲ್ಲಿ ನಡೆದುದು ಇನ್ನೊಂದು ಬಗೆ. ಉಪನ್ಯಾಸ ಮುಗಿದ ಮೇಲೂ ಅವನ ಚಿತ್ರಪಟಗಳು ಸಭಾಂಗಣದಲ್ಲಿಯೇ ತೂಗುತ್ತಿದ್ದವು. ಸದಸ್ಯರು ಅವುಗಳ ಮುಂದೆ ನಿಂತು ಚರ್ಚಿಸಿ, ಸಂದೇಹಗಳನ್ನು ಕೂಡಿಸಿಟ್ಟಿದ್ದರು. ಅಂದಿನಿಂದ ಉಪನ್ಯಾಸದೊಡನೆ ಚರ್ಚಾತರಗತಿಯೂ ಸೇರಿತು. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವೇ ಈ ಕಾರ್ಯವನ್ನು ಕೈಗೊಂಡು ನಾಟಿಂಗಂ, ಡರ್ಬಿ, ಲೆಸ್ಟರ್‌ಗಳಲ್ಲಿ ಆರಂಭಿಸಿತು. ಅದರ ಫಲವಾಗಿ ನಾಟಿಂಗಮ್ಮಿನಲ್ಲಿ 1881ರಲ್ಲಿ ಒಂದು ಕಾಲೇಜೇ ತಲೆಯೆತ್ತಿತು.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವೂ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ನಡೆಸಿತು. ಅವು ಕಿರುಹೊತ್ತಗೆಗಳಾಗಿಯೂ ಹೊರಬಂದವು. ಹೊತ್ತಗೆಗಳೇನೋ ಉಳಿದುವು. ಆದರೆ ಚರ್ಚೆ? ಇಂದು ನಮ್ಮ ಕಾಲೇಜುಗಳಲ್ಲಿ ವಿಶೇಷೋಪನ್ಯಾಸವೆಂದರೆ ಬಹುಮಟ್ಟಿಗೆ ಪ್ರಾರ್ಥನೆ, ಸ್ವಾಗತ, ಹಾರ, ಭಾಷಣ, ವಂದನಾರ್ಪಣೆ. ಪ್ರಶ್ನೆಗೆ ಮಿಗುವುದು ಐದು ನಿಮಿಷ, ಅದೂ ಅಧ್ಯಕ್ಷರು ಭಾಷಣವನ್ನು ಮೊಟಕುಗೊಳಿಸಿದರೆ. ಸ್ಟೂಅರ್ಟನ ಕೇಳುಗನಾದರೋ ಒಂದು ವಾರ ಯೋಚಿಸಿ ಉತ್ತರ ಬರೆಯುತ್ತಿದ್ದನು, ಮರುವಾರ ಅದೇ ಅಧ್ಯಾಪಕನ ಎದುರು ಕುಳಿತಿರುತ್ತಿದ್ದನು. ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ನೆರೆಯ ಕಾಲೇಜಿನ ಅಧ್ಯಾಪಕರೊಬ್ಬರನ್ನು ಒಂದೇ ವಿಷಯದ ಮೇಲೆ ಮೂರು ವಾರ, ವಾರಕ್ಕೊಂದು ಸಂಜೆಯಂತೆ ಕರೆದು, ಪ್ರತಿಸಲವೂ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಿಸಬಹುದು.