ನಿಮಗಿದು ಗೊತ್ತೆ? ಆರು ಜಾನ್, ನಾಲ್ಕು ದಿನ
1560ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಪ್ರೊಟೆಸ್ಟೆಂಟ್ ಪಾದ್ರಿಗಳನ್ನು ಕರೆದು, ನಿಮ್ಮ ನಂಬಿಕೆ ಏನೆಂದು ಬರೆದುಕೊಡಿ ಎಂದಿತು. ಆರು ಮಂದಿ ಕೂತು ನಾಲ್ಕೇ ದಿನದಲ್ಲಿ 25 ಅಧ್ಯಾಯಗಳ ವಿಶ್ವಾಸ ಪ್ರಮಾಣವನ್ನು ಮುಗಿಸಿಕೊಟ್ಟರು. ತಮಾಷೆಯೆಂದರೆ ಆರೂ ಜನರ ಹೆಸರು ಜಾನ್! ನಾಕ್ಸ್, ವಿನ್ರಮ್, ಸ್ಪಾಟಿಸ್‌ವುಡ್, ವಿಲಾಕ್, ಡಗ್ಲಸ್ ಮತ್ತು ರೋ.

ಇವರಲ್ಲಿ ನಾಕ್ಸ್ ಜಿನೀವಾದಲ್ಲಿದ್ದು ಬಂದವರು. ಅಲ್ಲಿ ಧರ್ಮಸುಧಾರಕ ಕ್ಯಾಲ್ವಿನ್ 1541ರಲ್ಲೇ ಬಿಷಪ್ಪರಿಲ್ಲದ ಚರ್ಚ್ ಆಡಳಿತ ರೂಪಿಸಿದ್ದರು. ನಗರ ಮಂಡಳಿಗಳಿಂದ ಆರಿಸಿದ 12 ಹಿರಿಯರು ಪಾದ್ರಿಗಳೊಂದಿಗೆ ಪ್ರತಿ ಗುರುವಾರ ಸೇರುತ್ತಿದ್ದರು. ಜಗಳವಾಡುವ ದಂಪತಿ, ಜೂಜುಕೋರರು, ಪ್ರವಚನಕ್ಕೆ ಚಕ್ಕರ್ ಹೊಡೆದವರು, ಯಾರಿಗೂ ವಿಚಾರಣೆ ತಪ್ಪುತ್ತಿರಲಿಲ್ಲ!

ಸ್ಕಾಟ್ಲೆಂಡಿನಲ್ಲಿ ನಾಕ್ಸ್ ಮತ್ತು ಸಂಗಡಿಗರು ಹಿರಿಯರನ್ನು ವರ್ಷ ವರ್ಷವೂ ಆರಿಸಬೇಕೆಂದರು. ಅಲ್ಲಿನ ಚರ್ಚಿನ ನಿಯಮಗ್ರಂಥವಾದ 1578ರ ಎರಡನೇ ಶಿಸ್ತಿನ ಪುಸ್ತಕ ಹಿರಿಯರ ಸ್ಥಾನವನ್ನು ಆಜೀವ ಹೊಣೆಯಾಗಿಸಿತು.