ದಾದಿಯರ ಹೆಗಲಿಗೆ ಬಂದ ನಕ್ಷತ್ರ

ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿ 20,000ಕ್ಕೂ ಹೆಚ್ಚು ದಾದಿಯರು ದುಡಿದರು. ಅವರು ಅಧಿಕಾರಿಗಳೂ ಅಲ್ಲ, ಸಿಪಾಯಿಗಳೂ ಅಲ್ಲ. 1901ರಲ್ಲಿಯೇ ದಾದಿಯರ ದಳ ಸೇನೆಯ ಅಂಗವಾಗಿದ್ದರೂ ಅವರಿಗೆ ಯಾವ ದರ್ಜೆಯೂ ಇರಲಿಲ್ಲ. ಇದು ಬರೀ ಮಾನ ಮರ್ಯಾದೆಯ ಪ್ರಶ್ನೆಯಲ್ಲ. ಗಾಯಾಳುವನ್ನು ಮಗ್ಗುಲು ಹೊರಳಿಸಲು, ವಾರ್ಡನ್ನು ಶುಚಿ ಮಾಡಲು ದಾದಿ ಹೇಳಿದರೆ ಅಲ್ಲಿ ಕೆಲಸಕ್ಕಿದ್ದ ಸಿಪಾಯಿ ಕೇಳಬಹುದು, ಕೇಳದೆಯೂ ಇರಬಹುದು. ಸೇನೆಯಲ್ಲಿ ಮಾತಿಗೆ ಬೆಲೆ ಬರುವುದು ಹೆಗಲ ಮೇಲಿನ ಗುರುತಿನಿಂದ. ದಾದಿಯ ಮಾತು ನಡೆಯದಿದ್ದರೆ ನರಳುವವನು ರೋಗಿ.

ಯುದ್ಧ ಮುಗಿದ ಮೇಲೆ, 1920ರಲ್ಲಿ, ಅಲ್ಲಿನ ಸಂಸತ್ತು ಒಂದು ಅರೆಮನಸ್ಸಿನ ಪರಿಹಾರ ಕಂಡುಹಿಡಿಯಿತು. ಅದೇ ‘ಸಾಪೇಕ್ಷ ದರ್ಜೆ’. ಹೆಸರು, ಹೆಗಲಪಟ್ಟಿ ಅಧಿಕಾರಿಯವು. ಸಂಬಳ ಮತ್ತು ಹಕ್ಕುಗಳು ಮಾತ್ರ ಅಲ್ಲ. ಫ್ರಾನ್ಸಿನ ರಣರಂಗದಲ್ಲಿ ಅಮೆರಿಕದ ದಾದಿಯರ ಮುಖ್ಯಸ್ಥೆಯಾಗಿದ್ದ ಜೂಲಿಯಾ ಸ್ಟಿಮ್ಸನ್ ಹೀಗೆ ಆ ಸೇನೆಯ ಮೊದಲ ಮಹಿಳಾ ಮೇಜರ್ ಆದರು.

ಪೂರ್ಣ ದರ್ಜೆಗೆ ಇನ್ನೊಂದು ಮಹಾಯುದ್ಧವೇ ಬೇಕಾಯಿತು. 50,000ಕ್ಕೂ ಹೆಚ್ಚು ದಾದಿಯರನ್ನು ಮುನ್ನಡೆಸಿದ ಫ್ಲಾರೆನ್ಸ್ ಬ್ಲಾಂಚ್‌ಫೀಲ್ಡ್ ಇದಕ್ಕಾಗಿ ಪಟ್ಟುಹಿಡಿದರು. 1944ರಲ್ಲಿ ತಾತ್ಕಾಲಿಕ ದರ್ಜೆ ಸಿಕ್ಕಿತು, 1947ರಲ್ಲಿ ಕಾಯಂ. ಹಾಗೆ ಕಾಯಂ ಅಧಿಕಾರಿಯಾದ ಮೊದಲ ಮಹಿಳೆ ಬ್ಲಾಂಚ್‌ಫೀಲ್ಡ್ ಅವರೇ. ಅವರ ಸೇನಾ ಕ್ರಮಾಂಕ ಎನ್-1. ಆದರೆ ಈ ಕಾನೂನು ಹೆಂಗಸರಿಗಷ್ಟೇ ಅನ್ವಯಿಸುತ್ತಿತ್ತು. ಗಂಡಸು ನರ್ಸುಗಳು ಇದೇ ದಳದಲ್ಲಿ ಅಧಿಕಾರಿಗಳಾಗಲು 1955ರ ತನಕ ಕಾಯಬೇಕಾಯಿತು!

1970ರಲ್ಲಿ ಬ್ರಿಗೇಡಿಯರ್ ಜನರಲ್ ಆದ ಆನಾ ಮೇ ಹೇಸ್ ಅಮೆರಿಕದ ದಾದಿಯರಲ್ಲಿ ಜನರಲ್ ದರ್ಜೆಗೇರಿದವರಲ್ಲಿ ಮೊದಲಿಗರು. ಎರಡನೇ ಮಹಾಯುದ್ಧದಲ್ಲಿ ಅವರು ದುಡಿದದ್ದು ನಮ್ಮ ಅಸ್ಸಾಮಿನ ಲೇಡೋದಲ್ಲಿ, ಬಿದಿರಿನ ಆಸ್ಪತ್ರೆಯಲ್ಲಿ. ಜಿಗಣೆ, ಮಲೇರಿಯಾಗಳ ನಡುವೆ.

ಭಾರತದ ಸೇನಾ ಶುಶ್ರೂಷೆಯ ಆರಂಭ ಇನ್ನೂ ಹಿಂದಿನದು. 1888ರಲ್ಲಿ ಮುಂಬಯಿಯಲ್ಲಿ ಬಂದಿಳಿದ ಬ್ರಿಟಿಷ್ ದಾದಿಯರ ಪುಟ್ಟ ತಂಡದಲ್ಲಿ ಕ್ಯಾಥರೀನ್ ಗ್ರೇಸ್ ಲಾಕ್ ಇದ್ದರು. ಆಗ ಅವರು ಬಂದದ್ದು ಬ್ರಿಟಿಷ್ ಸೈನಿಕರ ಆರೈಕೆಗೆ. ಇಲ್ಲಿನ ದಾದಿಯರಿಗೆ ಅಧಿಕಾರಿ ದರ್ಜೆ ಕೊಟ್ಟದ್ದು 1943ರ ಸುಗ್ರೀವಾಜ್ಞೆ, ಅಂದರೆ ಅಮೆರಿಕಕ್ಕಿಂತ ಒಂದು ವರ್ಷ ಮೊದಲೇ. 1976ರಲ್ಲಿ ಗರ್ಟ್ರೂಡ್ ಅಲಿಸ್ ರಾಮ್ ಮೇಜರ್ ಜನರಲ್ ಆದರು. ಭಾರತೀಯ ಸೇನೆಯಲ್ಲಿ ಆ ದರ್ಜೆಗೇರಿದ ಮೊದಲ ಮಹಿಳೆ ಬಂದದ್ದು ಶುಶ್ರೂಷೆಯ ವಾರ್ಡುಗಳಿಂದ.