ಅಜ್ಜಿಯ ಅಡಕೊತ್ತು ಯಾರ ಪಾಲಿಗೆ?

ಮನೆ ಪಾಲಾಗುವಾಗ ತೋಟ, ಗದ್ದೆ, ಚಿನ್ನ, ತಾಮ್ರದ ಹಂಡೆ ಎಲ್ಲಕ್ಕೂ ಲೆಕ್ಕವಿರುತ್ತದೆ. ಅಡಕೊತ್ತಿನ ನೆನಪು ಯಾರಿಗೂ ಬರುವುದಿಲ್ಲ. ಅಟ್ಟ ಗುಡಿಸುವಾಗಲೋ ಹಳೆ ಮನೆ ಕೆಡವುವಾಗಲೋ ಅದು ಎಲೆಯಡಿಕೆ ತಬಕಿನ ಜತೆ ಕೈಗೆ ಸಿಗುತ್ತದೆ. ಮನೆಯಲ್ಲೀಗ ಕವಳ ಹಾಕುವವರಿಲ್ಲ, ಎಸೆಯಲು ಮನಸ್ಸೂ ಇಲ್ಲ. ಅಷ್ಟರಲ್ಲಿ ಹಳೆ ಸಾಮಾನು ಕೊಳ್ಳುವವನು ಬಂದು ಒಂದು ಬೆಲೆ ಹೇಳುತ್ತಾನೆ. ಕೊಡುವುದೋ, ಇಟ್ಟುಕೊಳ್ಳುವುದೋ? ಅದನ್ನು ತೀರ್ಮಾನಿಸುವ ಮೊದಲು ಕೈಯಲ್ಲಿರುವುದು ಎಂಥ ವಸ್ತು ಎಂದು ತಿಳಿದುಕೊಳ್ಳಬೇಕು.

ಕೀಲು, ಅಲಗು, ಗಿಳಿ

ಅಡಕೊತ್ತು, ಅಡಕತ್ತರಿ, ಅಡಕಿತ್ತ ಎಂದು ಊರಿಗೊಂದು ಹೆಸರಿದ್ದರೂ ರಚನೆ ಒಂದೇ. ಎರಡು ತೋಳು, ತುದಿಯಲ್ಲೊಂದು ಕೀಲು. ಮೇಲಿನ ತೋಳಿಗೆ ಬಾಗಿದ ಅಲಗು, ಕೆಳಗಿನದರಲ್ಲಿ ಅಡಿಕೆ ಕೂರುವ ಜಾಗ. ಕತ್ತರಿಯಲ್ಲಿ ಕೀಲು ನಡುವೆ ಇರುತ್ತದೆ. ಇಲ್ಲಿ ಅದು ತುದಿಗೆ ಸರಿದಿರುವುದರಿಂದ ಅಡಿಕೆ ಕೀಲಿಗೂ ಕೈಗೂ ನಡುವೆ ಬರುತ್ತದೆ. ಅಡಿಕೆ ಕೀಲಿಗೆ ಹತ್ತಿರವಾದಷ್ಟೂ ಕೈಯ ಒತ್ತು ಹಲವು ಪಟ್ಟಾಗಿ ಅದರ ಮೇಲೆ ಬೀಳುತ್ತದೆ. ಹಣ್ಣು ಹಣ್ಣು ಮುದುಕಿಯೂ ಗಟ್ಟಿ ಚಾಲಿಯನ್ನು ಮಾತಾಡುತ್ತಲೇ ಹೋಳು ಮಾಡುತ್ತಿದ್ದುದು ಈ ಕೀಲಿನ ಬಲದಿಂದ.

ಕಬ್ಬಿಣದ ಅಡಕೊತ್ತು ಕಮ್ಮಾರನ ಕುಲುಮೆಯದು, ಹಿತ್ತಾಳೆಯದು ಎರಕದ ಕೆಲಸ. ಹಿತ್ತಾಳೆ ಮೆತ್ತಗಿನ ಲೋಹವಾದ್ದರಿಂದ ಬಳಕೆಗೆಂದೇ ಮಾಡಿದ ಅಡಕೊತ್ತಿನ ಮೈ ಹಿತ್ತಾಳೆಯದಾದರೂ ಅಲಗು ಉಕ್ಕಿನದಾಗಿರುತ್ತದೆ. ಗಿಳಿ, ನವಿಲು, ಕುದುರೆ, ಗಂಡುಹೆಣ್ಣಿನ ಜೋಡಿ ಹೀಗೆ ಕುಶಲಕರ್ಮಿಯ ಕಲ್ಪನೆಗೆ ಮಿತಿಯಿಲ್ಲ. ಕೆಲವಕ್ಕೆ ಹಿಡಿಯ ತುದಿಯಲ್ಲಿ ಗೆಜ್ಜೆ.

ನಾನು ನೋಡುತ್ತ ಬೆಳೆದ ಅಡಕೊತ್ತು ಗಿಳಿಯ ಆಕಾರದ್ದು. ಅದರ ಒಂದು ಮಗ್ಗುಲಲ್ಲಿ ರೆಕ್ಕೆಯ ಗೆರೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಇನ್ನೊಂದು ಮಗ್ಗುಲಲ್ಲಿ, ಹೆಬ್ಬೆರಳು ಕೂರುವ ಕಡೆ, ಗೆರೆಗಳೆಲ್ಲ ಅಳಿಸಿ ಲೋಹ ನುಣ್ಣಗಾಗಿದೆ. ಅಲಗನ್ನು ಮಸೆದು ಮಸೆದು ಅದರ ಅಗಲ ಕಿರಿದಾಗಿದೆ. ಹಳೆಯ ಅಡಕೊತ್ತನ್ನು ಗುರುತಿಸಲು ಇವು ನಂಬಬಹುದಾದ ಗುರುತುಗಳು. ಹಳತೆಂದು ಮಾರಾಟಕ್ಕೆ ಬರುವ ಹೊಸ ಎರಕಗಳಲ್ಲಿ ಬಣ್ಣವಷ್ಟೇ ಹಳತು. ಎಷ್ಟೋ ಸಲ ಅಲಗು ಕೂಡ ಹಿತ್ತಾಳೆಯದೇ ಆಗಿದ್ದು, ಎರಡು ತೋಳೂ ಸರಿಯಾಗಿ ಕೂಡುವುದೂ ಇಲ್ಲ.

ಅರಮನೆಯಿಂದ ಅಟ್ಟಕ್ಕೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ತಾಂಬೂಲವೂ ರಾಜಭೋಗಗಳಲ್ಲೊಂದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದು ಸಂಚಿ ಹೊನ್ನಮ್ಮ ಎಂದೇ ಉಳಿದರು. ಹೆಣ್ಣು ನಿಶ್ಚಯವಾಗಲಿ, ಜಗಳ ತೀರಲಿ, ನಮ್ಮಲ್ಲಿ ಮಾತು ಪಕ್ಕಾ ಆಗುತ್ತಿದ್ದುದು ವೀಳ್ಯ ಕೈಬದಲಾದ ಮೇಲೆ.

ಆಮೇಲೆ ಕತ್ತರಿಸಿದ ಅಡಿಕೆ ಪೊಟ್ಟಣದಲ್ಲಿ ಬಂತು. ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಖಚಿತಪಡಿಸಿತು. ಎಲೆಯಡಿಕೆ ಬಿಡುವುದು ಒಳ್ಳೆಯದೇ. ಅದರ ಜತೆಗೆ ಉಪಕರಣವನ್ನೂ ಬಿಡಬೇಕಾಗಿಲ್ಲ.

ಅದರ ಬೆಲೆ ಅರಿತವರು ಮೊದಲೇ ಎಚ್ಚೆತ್ತಿದ್ದರು. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ದೀಪ, ಪಾತ್ರೆಗಳ ಸಾಲಿನಲ್ಲಿ ಅಡಕೊತ್ತುಗಳಿಗೂ ಸ್ಥಾನವಿದೆ. ಗಣಿತದಲ್ಲಿ ಜಗತ್ಪ್ರಸಿದ್ಧರಾದ ಅಮೆರಿಕದ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಏಷ್ಯಾದ ಅಡಕೊತ್ತುಗಳನ್ನು ಕೂಡಿಟ್ಟರು. ಆ ಸಂಗ್ರಹದ ಮೇಲೆ ಒಂದು ಇಡೀ ಪುಸ್ತಕವೇ ಬಂದಿದೆ.

ಕೊಡುವ ಮುನ್ನ

ಮೊದಲನೆಯದಾಗಿ, ಉಜ್ಜಿ ಹೊಳಪಿಸಬೇಡಿ. ಹುಣಸೆಹಣ್ಣು ಹಿತ್ತಾಳೆಯನ್ನು ಬೆಳಗುತ್ತದೆ ನಿಜ, ಆದರೆ ಅದರ ಹುಳಿ ಕೀಲಿನೊಳಗೆ ಇಳಿದು ಉಕ್ಕನ್ನು ತಿನ್ನುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಕೀಲಿಗೂ ಅಲಗಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಟ್ಟರೆ ಸಾಕು.

ಎರಡನೆಯದು ಕಾನೂನು. 100 ವರ್ಷ ದಾಟಿದ ಕುಶಲಕಲೆಯ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ಅಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ವಿದೇಶದಲ್ಲಿರುವ ಮಕ್ಕಳು ಅಜ್ಜಿಯ ನೆನಪೆಂದು ಸೂಟ್‌ಕೇಸಿಗೆ ಹಾಕಿಕೊಳ್ಳುವ ಮೊದಲು ಇದು ಗೊತ್ತಿರಬೇಕು.

ಮೂರನೆಯದು, ಎಂದಿಗೂ ತೂಕದ ಲೆಕ್ಕದಲ್ಲಿ ಕೊಡಬೇಡಿ. ಗುಜರಿಗೆ ಹೋದದ್ದು ಮತ್ತೆ ಮೂಸೆಗೇ ಹೋಗುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ರಾಮನಗರದ ಬಳಿಯ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ, ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಇಂಥವನ್ನು ವಿಚಾರಿಸಬಹುದು. ಅರಿತು ಕೊಳ್ಳುವ ಸಂಗ್ರಾಹಕ ಸಿಕ್ಕರೆ ಅವನಿಗೆ ಮಾರುವುದೂ ತಪ್ಪಲ್ಲ. ಹಣದ ಅಗತ್ಯವಿರುವ ಮನೆಗೆ ಅದೊಂದು ಆಸರೆ. ಎಲ್ಲಿಗೆ ಕೊಟ್ಟರೂ ಅದು ಯಾರದು, ಯಾವ ಊರಿನದು, ಯಾವ ಕಾಲಕ್ಕೆ ಮನೆಗೆ ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜತೆಗೇ ಕೊಡಿ. ಆ ಚೀಟಿಯಿಲ್ಲದೆ ಹೋದರೆ ಅದು ಯಾವುದೋ ಹಳೆಯ ಲೋಹದ ತುಂಡು, ಅಷ್ಟೆ.

ಎರಡು ಅಡಕೊತ್ತುಗಳಿದ್ದು ಒಂದನ್ನಷ್ಟೇ ಇಟ್ಟುಕೊಳ್ಳಬಹುದಾದರೆ ಯಾವುದನ್ನು? ನಾನು ಹೇಳುವುದು, ಚಂದದ್ದನ್ನು ಕೊಡಿ, ಸಾದಾ ಕಬ್ಬಿಣದ್ದನ್ನು ಇಟ್ಟುಕೊಳ್ಳಿ. ಗಿಳಿ ನವಿಲುಗಳ ಹಿತ್ತಾಳೆ ಅಡಕೊತ್ತು ಎಲ್ಲಿ ಹೋದರೂ ಗಾಜಿನ ಕಪಾಟಿನಲ್ಲಿ ಜಾಗ ಪಡೆಯುತ್ತದೆ. ಊರ ಕಮ್ಮಾರ ಬಡಿದುಕೊಟ್ಟ, ಅಲಂಕಾರವಿಲ್ಲದ ಅಡಕೊತ್ತನ್ನು ಕೊಳ್ಳುವವರಿಲ್ಲ, ಬೇಡುವವರೂ ಇಲ್ಲ. ಕೆಲಸ ಹೆಚ್ಚು ಮಾಡಿದ್ದು ಅದೇ. ಅದು ಉಳಿಯಬೇಕಾದರೆ ಅದನ್ನು ಹಿಡಿದ ಕೈಯನ್ನು ಬಲ್ಲ ಮನೆಯಲ್ಲಿಯೇ ಉಳಿಯಬೇಕು.